ನೋವಿಗೊಂದು ನಕ್ಷೆ

ಬರೆಯುವವರ ಕೈನೋವು ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಗುಮಾಸ್ತರ ಕಾಯಿಲೆಗೆ ಇಟಲಿಯ ವೈದ್ಯ ಬರ್ನಾರ್ದಿನೊ ರಾಮಾಜಿನಿ 1713ರಲ್ಲೇ ಮೂರು ಕಾರಣ ಹೇಳಿದ್ದ: ಸದಾ ಕುಳಿತಿರುವುದು, ಕೈಯ ಎಡೆಬಿಡದ ಒಂದೇ ಬಗೆಯ ಚಲನೆ, ಲೆಕ್ಕದಲ್ಲಿ ತಪ್ಪಾದೀತೆಂಬ ಆತಂಕ. ಅವನು ಬಲ್ಲ ದಸ್ತಾವೇಜು ಬರಹಗಾರನೊಬ್ಬನ ಬಲಗೈ ಸ್ವಾಧೀನ ತಪ್ಪಿತು. ಪಾಪ, ಆತ ಎಡಗೈಯಲ್ಲಿ ಬರೆಯಲು ಕಲಿತ. ಕೆಲಕಾಲದಲ್ಲಿ ಅದಕ್ಕೂ ಅದೇ ಗತಿಯಾಯಿತು. ರೋಗಿಯ ಕಸುಬೇನೆಂದು ಕೇಳಿ ತಿಳಿಯಬೇಕೆಂದು ವೈದ್ಯರಿಗೆ ಹೇಳಿಕೊಟ್ಟವನೂ ಇವನೇ.

ಆದರೆ ನೋವನ್ನು ಅಳೆಯುವುದು ಹೇಗೆ? ಜ್ವರಕ್ಕಾದರೆ ಥರ್ಮಾಮೀಟರು ಇದೆ. ಎಷ್ಟೋ ಬೆನ್ನುನೋವುಗಳು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಆಗ ಕೆಲಸಗಳ್ಳನೆಂಬ ಗುಮಾನಿ ಏಳುವುದು ಸುಲಭ. ಉತ್ತರ ಯುರೋಪಿನ ನಾರ್ಡಿಕ್ ದೇಶಗಳ ತಜ್ಞರು 1987ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯ ಉಪಾಯ ತೀರಾ ಸರಳ: ನೋಯುವವನನ್ನೇ ಕೇಳುವುದು. ಮೈಯ ಚಿತ್ರವೊಂದನ್ನು ಕತ್ತಿನಿಂದ ಪಾದದವರೆಗೆ ಒಂಬತ್ತು ಭಾಗ ಮಾಡಿ, ಒಂದೊಂದಕ್ಕೂ ಅವವೇ ಪ್ರಶ್ನೆಗಳು. ಕಳೆದ 12 ತಿಂಗಳಲ್ಲಿ ತೊಂದರೆ ಇತ್ತೇ? ಎಂದಿನ ಕೆಲಸಕ್ಕೆ ಅಡ್ಡಿಯಾಯಿತೇ? ಕಳೆದ 7 ದಿನಗಳಲ್ಲಿ? ಉತ್ತರ ಹೌದು, ಇಲ್ಲವೇ ಇಲ್ಲ. ಇದರಿಂದ ರೋಗ ಯಾವುದೆಂದು ತಿಳಿಯದು. ಉತ್ತರಿಸುವವರ ನೆನಪು ಕೈಕೊಡುವುದೂ ಉಂಟು. ಆದರೂ ಒಂದೇ ಕಚೇರಿಯ ಹತ್ತಾರು ಮಂದಿ ಕತ್ತಿನ ಮೇಲೇ ಗುರುತು ಹಾಕಿದಾಗ, ಮೊದಲು ಪರೀಕ್ಷಿಸಬೇಕಾದದ್ದು ಅವರ ಮೇಜು ಕುರ್ಚಿಗಳನ್ನು.