ಹೇರೋಹಳ್ಳಿ ಕೆರೆಗೆ ನಾನು ಬಿಟ್ಟ ಮೀನು

ಬೇರೆಯವರನ್ನ ಪ್ರಶ್ನೆ ಮಾಡೋದೇ ನನ್ನ ಕೆಲಸ. ಇವತ್ತು ಮಾತ್ರ ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಇಂಜಿನಿಯರಿಂಗ್ ಓದೋವಾಗ ವಿಜಯನಗರದ ರೂಮಿನಲ್ಲಿ ಒಂದು ಅಕ್ವೇರಿಯಂ ಇಟ್ಟಿದ್ದೆ. ಗಾಜಿನ ಪಾಚಿ ತಿನ್ನುತ್ತೆ ಅಂತ ಅಂಗಡಿಯವರು ಎರಡು ಇಂಚಿನ ಸಕ್ಕರ್ ಫಿಶ್ ಕೊಟ್ಟರು. ನೋಡ್ತಾ ನೋಡ್ತಾ ಅದು ಒಂದು ಅಡಿ ಬೆಳೀತು. ರೂಮ್ ಖಾಲಿ ಮಾಡೋ ದಿನ ಬಕೆಟ್ಟಿನಲ್ಲಿ ತಗೊಂಡು ಹೋಗಿ ಹೇರೋಹಳ್ಳಿ ಕೆರೆಗೆ ಬಿಟ್ಟೆ. ಜೀವ ಉಳಿಸಿದೆ ಅನ್ನೋ ಪುಣ್ಯದ ಭಾವನೆ ಬೇರೆ!

ಆ ಮೀನಿನ ಊರು ದಕ್ಷಿಣ ಅಮೆರಿಕದ ನದಿಗಳು. ಮೈಮೇಲೆ ಸಾಲುಸಾಲಾಗಿ ಎಲುಬಿನ ತಗಡು. ಈ ಕುಲದ ಒಂದು ಮೀನಿಗೆ 1758ರಲ್ಲಿ ಲಿನೇಯಸ್ ಲೊರಿಕೇರಿಯಾ ಅಂತ ಹೆಸರಿಟ್ಟ. ಲೊರಿಕಾ ಅಂದ್ರೆ ರೋಮನ್ ಸೈನಿಕರು ಎದೆಗೆ ಕಟ್ಟಿಕೊಳ್ತಿದ್ದ ಕವಚ. ನೀರಿನಲ್ಲಿ ಆಮ್ಲಜನಕ ಕಮ್ಮಿಯಾದ್ರೂ ಇದಕ್ಕೆ ಚಿಂತೆ ಇಲ್ಲ. ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಿಂದಲೇ ಉಸಿರಾಡುತ್ತೆ. ನಮ್ಮ ಕೊಳಚೆ ತುಂಬಿದ ಕೆರೆಗಳಿಗೆ ಹೇಳಿ ಮಾಡಿಸಿದ ಹಾಗೆ!

ಈಗ ಇತಿಹಾಸ ನೋಡಿ. ಪರದೇಶದ ಮೀನು ನಮ್ಮ ನೀರಿಗೆ ಬಂದಿದ್ದು ಇದೇ ಮೊದಲಲ್ಲ. ಮಲೇರಿಯಾ ಸೊಳ್ಳೆ ಮರಿ ತಿನ್ನಲಿ ಅಂತ 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯಾ ತರಿಸಿದರು. 1952ರಲ್ಲಿ ಊಟಕ್ಕೆ ಅಂತ ತಿಲಾಪಿಯಾ ಬಂತು. ಸರಿಯೋ ತಪ್ಪೋ, ಅವಕ್ಕೆಲ್ಲ ಒಂದು ಉದ್ದೇಶ ಇತ್ತು, ತರಿಸಿದವರು ಯಾರು ಅಂತ ಗೊತ್ತಿತ್ತು. ಸಾಕೋದಕ್ಕೆ ಅಂತ ಕದ್ದುಮುಚ್ಚಿ ಬಂದ ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಕೇಂದ್ರ ಸರ್ಕಾರ 2000ದಲ್ಲಿ ನಿಷೇಧ ಹಾಕ್ತು.

ಸಕ್ಕರ್ ಫಿಶ್ ವಿಷಯದಲ್ಲಿ ಯಾರನ್ನ ಹಿಡೀತೀರಿ? ಯಾವ ಇಲಾಖೆಯೂ ಇದನ್ನ ಕೆರೆಗೆ ಬಿಡಿ ಅಂತ ಆದೇಶ ಹೊರಡಿಸಲಿಲ್ಲ. ಮನೆಯ ಹಾಲ್‌ನಿಂದ ಬಕೆಟ್ಟಿನಲ್ಲಿ ಹೊರಟಿದ್ದು ಇದು. ಫೈಲ್ ಇಲ್ಲ, ಸಹಿ ಇಲ್ಲ. 2020ರಲ್ಲಿ ವಾರಾಣಸಿ ಹತ್ತಿರ ಗಂಗೆಯಲ್ಲೇ ಸಿಕ್ತು. ಆಂಧ್ರದ ಮೀನುಗಾರರು ಇದನ್ನ ದೆವ್ವದ ಮೀನು ಅಂತಾರೆ. ಮುಳ್ಳು ಬಲೆ ಹರಿಯುತ್ತೆ, ಸಂತೆಯಲ್ಲಿ ಕೇಳೋರಿಲ್ಲ.

ನನಗೆ ನಿಜವಾದ ಭಯ ಬೇರೆ. ಗಂಡು ಮೀನು ದಡದ ಮಣ್ಣಿನಲ್ಲಿ ಉದ್ದನೆಯ ಬಿಲ ಕೊರೆಯುತ್ತೆ, ಹೆಣ್ಣು ಅಲ್ಲಿ ಮೊಟ್ಟೆ ಇಡುತ್ತೆ. ನಮ್ಮ ಹಿರಿಯರು ಕೆರೆ ಕಟ್ಟಿದ್ದು ಮಣ್ಣಿನ ಏರಿಯಿಂದ. ಏರಿಯೊಳಗೆ ನೀರಿಗೆ ಸಣ್ಣ ದಾರಿ ಸಿಕ್ಕರೆ ಏನಾಗುತ್ತೆ ಅಂತ ಇಂಜಿನಿಯರಿಂಗ್‌ನಲ್ಲಿ ಓದಿ ಪಾಸಾದವನು ನಾನು. ಬಕೆಟ್ ಹಿಡಿದಾಗ ನೆನಪಾಗಲಿಲ್ಲ, ಅಷ್ಟೇ.

ಒಂದು ಮೀನು ತಾನೇ ಅನ್ನಬಹುದು. ಒಂದರಿಂದ ಸಂತಾನ ಆಗಲ್ಲ, ನಿಜ. ಆದರೆ ಅದೇ ತಿಂಗಳು ಇನ್ನೊಬ್ಬರೂ ರೂಮ್ ಖಾಲಿ ಮಾಡಿರ್ತಾರಲ್ಲ? ಮಳೆಗಾಲದಲ್ಲಿ ಕೋಡಿ ಬಿದ್ದರೆ ಈ ಭಾಗದ ನೀರು ವೃಷಭಾವತಿಗೆ ಹೋಗುತ್ತೆ, ಅಲ್ಲಿಂದ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಹಾಗಾಗಿ ಮನೇಲಿ ಸಕ್ಕರ್ ಫಿಶ್ ದೊಡ್ಡದಾಗಿದ್ರೆ ಅಂಗಡಿಗೆ ವಾಪಸ್ ಕೊಡಿ, ದುಡ್ಡು ಕೇಳಬೇಡಿ. ದೊಡ್ಡ ಅಕ್ವೇರಿಯಂ ಇರೋ ಸ್ನೇಹಿತರಿಗಾದ್ರೂ ಕೊಡಿ.

ಬೇಸಿಗೆಯಲ್ಲಿ ನೀರು ಇಳಿದಾಗ ನಾನು ಈಗಲೂ ಹೇರೋಹಳ್ಳಿ ಕೆರೆ ಏರಿ ಮೇಲೆ ನಿಂತು ದಡದಲ್ಲಿ ಬಿಲ ಇದೆಯಾ ಅಂತ ಹುಡುಕ್ತೀನಿ.