ಹೊಳೆದಂಡೆಯ ಬೀಡು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಒಕ್ಕಲು ಮನೆಗಳವರು ವರ್ಷಕ್ಕೊಮ್ಮೆ ಬಂಡಿ ಕಟ್ಟಿಕೊಂಡು ಹೊರಟು ತುಂಗಭದ್ರೆಯ ದಂಡೆಯಲ್ಲಿ ಬೀಡುಬಿಡುವ ರೂಢಿ ಬಹಳ ಹಳೆಯದು. ಹೆಸರಿಗೆ ಅದು ಜಾತ್ರೆ. ಆದರೆ ಮಸಾರಿ ಮತ್ತು ಎರೆ ಹೊಲಗಳಲ್ಲಿ ಮಳೆ ನಂಬಿ ದುಡಿಯುವವರಿಗೆ ಮನೆ, ಹೊಲ, ಕಣ ಮೂರನ್ನೂ ಬಿಟ್ಟು ನೀರಿನ ಬದಿಯಲ್ಲಿ ಕಾಲು ಚಾಚಿ ಕೂರಲು ಸಿಗುತ್ತಿದ್ದ ರಜೆಯೂ ಅದೇ. ಕಡಲು ಘಟ್ಟದಾಚೆಗಿನ ಮಾತು. ಇಲ್ಲಿನವರಿಗೆ ದಂಡೆ ಎಂದರೆ ಹೊಳೆಯದು, ಇಲ್ಲವೇ ಕೆರೆಯದು.

ಈ ಭಾಗದ ದೊಡ್ಡ ಜಾತ್ರೆಗಳ ದಿನಗಳನ್ನು ಪಂಚಾಂಗದಲ್ಲಿ ನೋಡಿದರೆ ಹೆಚ್ಚಿನವು ಒಂದೇ ಕಾಲಕ್ಕೆ ಬೀಳುತ್ತವೆ. ಮೈಲಾರದ ಕಾರಣಿಕ ಎಂಬ ಭವಿಷ್ಯವಾಣಿ ಭರತ ಹುಣ್ಣಿಮೆಯ ಆಸುಪಾಸು, ಕೊಟ್ಟೂರು ಬಸವೇಶ್ವರನ ತೇರು ಮಾಘ ಬಹುಳದ ಮೂಲಾ ನಕ್ಷತ್ರದಲ್ಲಿ, ಕುರುವತ್ತಿಯ ತೇರು ಶಿವರಾತ್ರಿಯ ಬೆನ್ನಿಗೆ. ದೈವದ ಲೆಕ್ಕದ ಜೊತೆಗೆ ಬೇಸಾಯದ ಲೆಕ್ಕವೂ ಇದರಲ್ಲಿದೆ. ಆ ಹೊತ್ತಿಗೆ ಮುಂಗಾರಿ ಬೆಳೆ ಮನೆ ಸೇರಿರುತ್ತದೆ, ಎತ್ತುಗಳಿಗೆ ಬಿಡುವಿರುತ್ತದೆ, ಮೇವಿಗೆ ಸೊಪ್ಪೆ ಇರುತ್ತದೆ. ಹೊಳೆಯೂ ಇಳಿದು ಮರಳು ತೆರೆದುಕೊಂಡಿರುತ್ತದೆ. ಮಳೆಗಾಲದಲ್ಲಿ ಹೋಗಿದ್ದರೆ ಎರೆಮಣ್ಣಿನಲ್ಲಿ ಬಂಡಿಯ ಗಾಲಿ ಹೂತು ಅರ್ಧ ದಾರಿಯಲ್ಲೇ ಜಾತ್ರೆ ಮುಗಿಯುತ್ತಿತ್ತು.

ಮೈಲಾರ ಇರುವುದು ಹೂವಿನಹಡಗಲಿ ತಾಲ್ಲೂಕಿನಲ್ಲಿ, ಹೊಳೆಗೆ ಹತ್ತಿರ. ಮಣಿಮಲ್ಲಾಸುರರನ್ನು ಕೊಂದ ಮೈಲಾರಲಿಂಗನ ಗೊರವರು ಕಂಬಳಿ ಹೊದ್ದು, ಡಮರುಗ ಹಿಡಿದು, ಕರಡಿ ಕೂದಲಿನ ಟೊಪ್ಪಿಗೆ ತೊಟ್ಟು ಊರೂರಿಂದ ಬರುತ್ತಾರೆ. ಭಕ್ತರು ಹಾಲು, ತುಪ್ಪ, ಬಾಳೆಹಣ್ಣು ಹಾಕಿ ಅವರ ಭಿಕ್ಷಾಪಾತ್ರೆಯಾದ ದೋಣಿಯನ್ನು ತುಂಬಿಸುತ್ತಾರೆ. ಡೆಂಕಣ ಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ 15 ಅಡಿ ಆಸುಪಾಸಿನ ಬಿಲ್ಲನ್ನು ಏರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಗಟ್ಟಲೆ ಜನ ಒಮ್ಮೆಗೇ ಬಾಯಿ ಮುಚ್ಚುತ್ತಾರೆ. ಒಂದೇ ಒಂದು ವಾಕ್ಯ ನುಡಿದು ಅವನು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯದಲ್ಲಿ ಮಳೆ ಎಷ್ಟು, ಬೆಳೆ ಹೇಗೆ ಎಂದು ರೈತರು ಬಿಡಿಸಿಕೊಳ್ಳುತ್ತಾ ಊರಿಗೆ ಮರಳುತ್ತಾರೆ. ಈಚಿನ ದಶಕಗಳಲ್ಲಿ ಮಳೆಗಿಂತ ಮಂತ್ರಿಗಿರಿಯ ಅರ್ಥ ಹುಡುಕುವವರೇ ಹೆಚ್ಚಾಗಿದ್ದಾರೆ.

ಕಾರಣಿಕ ಮುಗಿಯಲು ನಿಮಿಷ ಸಾಕು, ಬೀಡಿನ ಬದುಕು ಮಾತ್ರ ದಿನಗಟ್ಟಲೆ ನಡೆಯುತ್ತಿತ್ತು. ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕಿ, ಬಂಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಸೊಪ್ಪೆ ಹಾಸುತ್ತಿದ್ದರು. ಹಾಸಿದ ಸೊಪ್ಪೆಯೇ ದಾರಿಯುದ್ದಕ್ಕೂ ಎತ್ತಿಗೆ ಮೇವು. ಬುತ್ತಿಯಲ್ಲಿ ಒಣಗಿಸಿದ ಸಜ್ಜೆ ರೊಟ್ಟಿ, ಜೋಳದ ಕಟಕ ರೊಟ್ಟಿ, ಶೇಂಗಾ ಮತ್ತು ಗುರೆಳ್ಳಿನ ಪುಡಿ. ವಾರ ಇಟ್ಟರೂ ಕೆಡದ ತಿನಿಸುಗಳು. ದಂಡೆ ಮುಟ್ಟಿದ ಮೇಲೆ ನೊಗ ಇಳಿಸಿ, ಬಂಡಿಯ ಮೂಕಿಗೆ ಕಂಬಳಿ ಇಳಿಬಿಟ್ಟರೆ ಅದೇ ಮನೆ. ಮೂರು ಕಲ್ಲು ಹೂಡಿದರೆ ಒಲೆ. ಕುಡಿಯುವ ನೀರಿಗೆ ಮರಳಿನಲ್ಲಿ ಒರತೆ ತೋಡಿ, ತಿಳಿಯಾಗುವ ತನಕ ಕಾದು ಚೊಂಬಿನಲ್ಲಿ ಮೊಗೆಯುತ್ತಿದ್ದರು. ಉಂಡದ್ದು ಮುತ್ತುಗದ ಎಲೆಯಲ್ಲಿ, ಕೊಂಡದ್ದು ಮಂಡಕ್ಕಿ, ಬೆಂಡು ಬತ್ತಾಸು, ಮಣ್ಣಿನ ಗೊಂಬೆ, ಬಳೆ. ಬೀಡು ಎದ್ದ ಮೇಲೆ ಉಳಿಯುತ್ತಿದ್ದದ್ದು ಬೂದಿ, ಸಗಣಿ, ಎಲೆ. ಸಗಣಿಯನ್ನು ತಿಪ್ಪೆಗೆ ಹೊತ್ತೊಯ್ಯಲು ಅಕ್ಕಪಕ್ಕದ ಊರವರು ಇದ್ದೇ ಇರುತ್ತಿದ್ದರು.

ಆಚೆ ದಂಡೆಯ ಗುತ್ತಲ, ರಾಣೆಬೆನ್ನೂರು ಕಡೆಯವರು ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದರು. ಬಿದಿರು ಹೆಣೆದು ತೊಗಲು ಬಿಗಿದ ಈ ದುಂಡನೆಯ ಬುಟ್ಟಿ ವಿಜಯನಗರದ ಕಾಲದಿಂದಲೂ ತುಂಗಭದ್ರೆಯ ವಾಹನ. ಈಚೆ, ಮೈಲಾರದ ದಂಡೆಯಲ್ಲೇ ಇರುವ ಕುರುವತ್ತಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ದೇವಾಲಯವಿದೆ. ಅದರ ಕಂಬಗಳ ಮದನಿಕೆಯರನ್ನು ನೋಡಲು ಶಿಲ್ಪಶಾಸ್ತ್ರ ಬಲ್ಲವರು ದೂರದಿಂದ ಬರುತ್ತಾರೆ. ಜಾತ್ರೆಗೆ ಬರುವ ರೈತ ಮೊದಲು ಕೈಮುಗಿಯುವುದು ಬಸವಣ್ಣನಿಗೆ.

ಹಾಗೆಂದು ಹಿಂದಿನದೆಲ್ಲ ನಿರ್ಮಲವಾಗಿತ್ತು ಎನ್ನುವಂತಿಲ್ಲ. ಪಾಯಿಖಾನೆಯ ವ್ಯವಸ್ಥೆಯಿಲ್ಲದೆ ಸಾವಿರಾರು ಜನ ಒಂದೇ ದಂಡೆಯಲ್ಲಿ ಇಳಿದರೆ ಏನಾಗಬೇಕೋ ಅದು ಆಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲರಾ ಊರಿಂದೂರಿಗೆ ಹರಡಿದ ದಾರಿಗಳಲ್ಲಿ ಜಾತ್ರೆಯ ದಾರಿಯೂ ಒಂದು. 1876–78ರ ಬರದಲ್ಲಿ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಹಸಿವಿಗೂ ರೋಗಕ್ಕೂ ಒಟ್ಟಿಗೆ ಸಿಕ್ಕಿ ನಲುಗಿತು. ಒರತೆ ತೋಡಿ ಕುಡಿಯುವ ಪದ್ಧತಿ ಹರಿಯುವ ನೀರಿಗಿಂತ ಮೇಲಾಗಿತ್ತು, ನಿಜ, ಅದೊಂದೇ ಸಾಕಾಗುತ್ತಿರಲಿಲ್ಲ.

ಪಯಣದ ಬಗೆ ಬದಲಾದದ್ದು ನಿಧಾನವಾಗಿ. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್‌ಗೇಜ್ ರೈಲು ಬಂತು. 1953ರಲ್ಲಿ ಹೊಸಪೇಟೆ ಬಳಿ ತುಂಗಭದ್ರಾ ಅಣೆಕಟ್ಟೆಗೆ ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಿದವು. ಹಳೆಯ ಬಂಡಿ ಜಾಡುಗಳಲ್ಲಿ ಕೆಲವು ಹಿನ್ನೀರಿನ ಅಡಿ ಸೇರಿದವು, ಬೇಸಿಗೆಗೆ ನೀರು ಹಿಂದೆ ಸರಿದಾಗ ಬಯಲಾಗುವ ಹೊಸದೊಂದು ದಂಡೆ ಹುಟ್ಟಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ರಸ್ತೆ, ಬಸ್ಸು, ಆಮೇಲೆ ಟ್ರ್ಯಾಕ್ಟರ್ ಬಂದವು. ಎತ್ತು ಸಾಕುವವರೇ ಕಡಿಮೆಯಾದಾಗ ಸವಾರಿ ಬಂಡಿ ಹಳ್ಳಿಯ ಹಿತ್ತಿಲು ಸೇರಿತು. ಬೀಡುಬಿಡುತ್ತಿದ್ದ ಮರಳನ್ನೂ ಲಾರಿಗಳು ಹೊತ್ತೊಯ್ದವು.

ಕೊಟ್ಟೂರಿನ ತೇರಿಗೆ ನಡೆದು ಹೋಗುವ ರೂಢಿ ಮಾತ್ರ ಕುಗ್ಗುವ ಬದಲು ಹಿಗ್ಗಿದೆ. ದಾವಣಗೆರೆ, ಹರಿಹರ, ಹರಪನಹಳ್ಳಿ ಕಡೆಯಿಂದ ಸಾಲುಗಟ್ಟಿ ಬರುವ ಪಾದಯಾತ್ರಿಗಳಿಗೆ ದಾರಿಯ ಹಳ್ಳಿಗಳಲ್ಲಿ ಮಜ್ಜಿಗೆ, ಉಪ್ಪಿಟ್ಟು, ಅನ್ನ ಸಾಂಬಾರು, ಕಾಲಿಗೆ ಎಣ್ಣೆ ಎಲ್ಲವೂ ಸಿಗುತ್ತವೆ. ಇಂಧನದ ಲೆಕ್ಕದಲ್ಲಿ ಇದಕ್ಕಿಂತ ಹಗುರಾದ ಪ್ರವಾಸವಿಲ್ಲ. ಆದರೆ ಮುತ್ತುಗದ ಎಲೆಯ ಜಾಗಕ್ಕೆ ಥರ್ಮಕೋಲ್ ತಟ್ಟೆ, ಚೊಂಬಿನ ಜಾಗಕ್ಕೆ ನೀರಿನ ಪೊಟ್ಟಣ ಬಂದಿವೆ. ದಾನ ಮಾಡಿದವರ ಪುಣ್ಯದ ಗುರುತು ರಸ್ತೆ ಬದಿಯ ಹೊಲಗಳಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ.

ಗೊರವರ ಟೊಪ್ಪಿಗೆಯ ಕಥೆಯಲ್ಲೂ ಕಾಲದ ಬದಲಾವಣೆ ಕಾಣುತ್ತದೆ. ಕಲ್ಲುಗುಡ್ಡಗಳ ಈ ಸೀಮೆಯಲ್ಲಿ ಕರಡಿ ಒಂದು ಕಾಲಕ್ಕೆ ಬೇಟೆಯ ಪ್ರಾಣಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದರ ಚರ್ಮ ಸಂಪಾದಿಸುವುದು ಅಪರಾಧ. ಹೀಗಾಗಿ ಹಿರಿಯರಿಂದ ಬಂದ ಹಳೆಯ ಟೊಪ್ಪಿಗೆಯನ್ನೇ ಜೋಪಾನ ಮಾಡುವವರಿದ್ದಾರೆ, ಕೃತಕ ಕೂದಲಿನದನ್ನು ತೊಡುವವರೂ ಇದ್ದಾರೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಸುತ್ತಲಿನ ಕಾಡು 2013ರಲ್ಲಿ ಕರಡಿಧಾಮವಾಯಿತು. ಪಾಳೇಗಾರರ ಕೋಟೆ ನೋಡಲು ಬರುವವರು ಈಗ ಕರಡಿಯ ಸುಳಿವಿಗೂ ಕಣ್ಣಾಡಿಸುತ್ತಾರೆ.

ದಂಡೆಯ ಬೀಡಿಗೆ ತೀರ ಹತ್ತಿರದ ಇಂದಿನ ರೂಪ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿದೆ. ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ ಈ ಕೆರೆಯ ಅಂಗಳದಲ್ಲಿ ಕರಿಜಾಲಿ ಮರಗಳು ಬೆಳೆದು, ನೀರಿನ ನಡುವೆ ನಿಂತ ಅವುಗಳ ಮೇಲೆ ಹಕ್ಕಿಗಳು ಗೂಡು ಕಟ್ಟತೊಡಗಿದವು. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆ ಸೇರಿ 30 ಸಾವಿರಕ್ಕೂ ಹೆಚ್ಚು ನೀರಹಕ್ಕಿಗಳಿಗೆ ಇದು ನೆಲೆ. 98.76 ಹೆಕ್ಟೇರಿನ ಈ ಜಾಗವನ್ನು ಸರ್ಕಾರ 2017ರಲ್ಲಿ ಪಕ್ಷಿ ಸಂರಕ್ಷಿತ ಮೀಸಲು ಎಂದು ಘೋಷಿಸಿತು. 2024ರ ಜನವರಿಯಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳಾದ ರಾಮ್ಸರ್ ತಾಣಗಳ ಪಟ್ಟಿ ಸೇರಿತು. ಕರ್ನಾಟಕದಿಂದ ಜೊತೆಗೆ ಸೇರಿದವು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಕುಮಟಾ ಬಳಿಯ ಅಘನಾಶಿನಿ ಅಳಿವೆ. ಬಯಲುಸೀಮೆಯ ಕೆರೆಯೊಂದು ಕಡಲ ಅಳಿವೆಯ ಪಕ್ಕದಲ್ಲಿ ಹೆಸರು ಪಡೆದದ್ದು ಹೀಗೆ.

ಇಲ್ಲಿಗೆ ಬರುವವರು ಬೆಳಗ್ಗೆ ಬಂದು ಸಂಜೆಗೆ ಮರಳುತ್ತಾರೆ. ಒಲೆ ಹೂಡಿ ಬೀಡುಬಿಡುವ ಮಾತಿಲ್ಲ. ಹಕ್ಕಿಗಳು ಹೆಚ್ಚು ಸೇರುವುದು ಚಳಿಗಾಲದಲ್ಲಿ, ಎಂದರೆ ಜಾತ್ರೆಗಳ ಕಾಲಕ್ಕೆ ತುಸು ಮುಂಚೆ. ಕೆರೆಗೂ ಜಾತ್ರೆಗೂ ಬರಲು ಈಗ ರೈಲೂ ಇದೆ. ಹೊಸಪೇಟೆ–ಕೊಟ್ಟೂರಿನ ಹಳೆಯ ಮೀಟರ್‌ಗೇಜ್ ಹಳಿ ಬ್ರಾಡ್‌ಗೇಜ್ ಆಗಿ, ಕೊಟ್ಟೂರಿನಿಂದ ಹರಿಹರದವರೆಗೂ ಬೆಳೆದು, ಆ ಮಾರ್ಗದಲ್ಲಿ 2019ರಲ್ಲಿ ಪ್ರಯಾಣಿಕರ ರೈಲು ಓಡತೊಡಗಿತು. ಹಗರಿಬೊಮ್ಮನಹಳ್ಳಿ, ಕೊಟ್ಟೂರು ಎರಡೂ ಅದೇ ಮಾರ್ಗದ ನಿಲ್ದಾಣಗಳು.