ಹಾಸಿಗೆ ಹುಣ್ಣು: ಬಸರಿ ತೊಗಟೆಯಿಂದ ಎರಡು ಗಂಟೆಯ ಲೆಕ್ಕದವರೆಗೆ

ಮೂಡಿಗೆರೆ, ಕಳಸದ ಕಡೆ ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬೀಳುವುದು ಹೊಸ ಸುದ್ದಿಯಲ್ಲ. ಬೆನ್ನುಹುರಿಗೆ ಪೆಟ್ಟಾದರೆ ಕಾಲಿನ ಬಲ ಹೋಗುತ್ತದೆ, ನೋವೂ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದ ಕೆಲವೇ ದಿನಕ್ಕೆ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ ಒಡೆಯಬಹುದು. ಇದೇ ಹಾಸಿಗೆ ಹುಣ್ಣು. ನೋಡಲು ಬಂದವರು ತಲೆಗೊಂದು ಮದ್ದು ಹೇಳುತ್ತಾರೆ: ಅರಿಶಿನ, ಬೇವು, ಲೋಳೆಸರ, ಜೇನುತುಪ್ಪ.

ಈ ಮಾತುಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಅವುಗಳಿಗೆ ದೊಡ್ಡ ಇತಿಹಾಸವಿದೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯವೇ ಗಾಯದ್ದು. ಅಲ್ಲಿ 60 ಉಪಕ್ರಮಗಳನ್ನು ಹೇಳಿದೆ. ಕಷಾಯದಲ್ಲಿ ತೊಳೆಯುವುದು, ಕೊಳೆತದ್ದನ್ನು ತೆಗೆಯುವುದು, ತುಪ್ಪ ಮತ್ತು ಎಣ್ಣೆ ಹಚ್ಚುವುದು, ಎಲೆ ಮುಚ್ಚುವುದು, ಬಟ್ಟೆ ಕಟ್ಟುವುದು, ಸರಿಯಾದ ಊಟ ಕೊಡುವುದು ಎಲ್ಲವೂ ಅದರೊಳಗಿವೆ. ಎಲೆ ಎಂಬುದು ಅರವತ್ತರಲ್ಲಿ ಒಂದು ಮಾತ್ರ.

ಗಾಯ ತೊಳೆಯಲು ಆಯುರ್ವೇದದಲ್ಲಿ ಹೆಸರಾದದ್ದು ಪಂಚವಲ್ಕಲ. ಆಲ, ಅರಳಿ, ಅತ್ತಿ, ಬಸರಿ, ಹೂವರಸಿ ಈ ಐದರ ತೊಗಟೆಯ ಕಷಾಯ. ಅದರ ಒಗರು ಗಾಯದ ಸೋರಿಕೆಯನ್ನು ತಗ್ಗಿಸುತ್ತದೆ. ಅತ್ತಿ, ಬಸರಿ ನಮಗೆ ಕಾಫಿಯ ನೆರಳಿನ ಮರಗಳು. ಪಕ್ಕದ ಮಂಜರಾಬಾದಿನ ಕಾಫಿ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ಬಸರಿ, ಗೋಣಿ ಮರಗಳನ್ನು ನೆರಳಿಗೆ ಹೊಗಳಿದ್ದಾನೆ. ತೋಟಕ್ಕೆ ನೆರಳಾದ ಮರವೇ ವೈದ್ಯರಿಗೆ ಮದ್ದಿನ ಮರ.

ಆದರೆ ಹಾಸಿಗೆ ಹುಣ್ಣಿನ ಮೂಲ ಬೇರೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. 1859ರಲ್ಲೇ ಫ್ಲಾರೆನ್ಸ್ ನೈಟಿಂಗೇಲ್, ಇದು ಹೆಚ್ಚಾಗಿ ರೋಗದ ತಪ್ಪಲ್ಲ, ಆರೈಕೆಯ ತಪ್ಪು ಎಂದು ಬರೆದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಬಂದ ಡಾ. ಲುಡ್ವಿಗ್ ಗಟ್‌ಮನ್ ಅದನ್ನು ಮಾಡಿ ತೋರಿಸಿದರು. ಬೆನ್ನುಹುರಿ ಮುರಿದ ಸೈನಿಕರು ಆಗ ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. ಗಟ್‌ಮನ್ ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಿಸಿದರು. ಅವರಲ್ಲಿ ಅನೇಕರು ಬದುಕಿ, ಗಾಲಿಕುರ್ಚಿಯಲ್ಲಿ ಆಟವಾಡಿದರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದಲೇ.

ಹಾಗಾದರೆ ಸೊಪ್ಪಿನ ಮದ್ದು ಬೇಡವೇ? ಆಸ್ಪತ್ರೆಗಳಲ್ಲಿ ಜೇನಿನ ಪಟ್ಟಿಯೂ ಬಳಕೆಯಲ್ಲಿದೆ. ಆದರೆ ಅದು ರೋಗಾಣು ಇಲ್ಲದಂತೆ ಶುದ್ಧಿ ಮಾಡಿದ ಜೇನು, ಕಾಡಿನಿಂದ ಇಳಿಸಿದ್ದಲ್ಲ. ಏನನ್ನೇ ಹಚ್ಚುವ ಮೊದಲು ಡಾಕ್ಟರನ್ನೋ ನರ್ಸನ್ನೋ ಕೇಳಿ. ಕೆಂಪಾದ ಜಾಗವನ್ನು ತಿಕ್ಕಬೇಡಿ. ಹುಣ್ಣು ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ಕಾಯಬೇಡಿ.

ನಮ್ಮ ಬೆಟ್ಟದ ಮನೆಗಳಿಂದ ದೊಡ್ಡ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿ. ಮಗ್ಗುಲು ಬದಲಿಸಲು ಮಾತ್ರ ಮನೆಯವರ ಎರಡು ಕೈ, ಒಂದು ಗಡಿಯಾರ ಸಾಕು.